ಊಂ ಅಂದ ಮಾವ

ಜೈಭೀಮ್

ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು
2 ಫೆಬ್ರವರಿ 2025

ಚಿ. ಮಂಜುಶ್ರೀಗೆ ನಿನ್ನ ಸೋದರಮಾವ ಸಿದ್ದರಾಮು ಮಾಡುವ ಆಶೀರ್ವಾದಗಳು.

ಈ ಊರಿಗೆ ಕೊಕ್ಕರೆಗಳನ್ನು ಕರೆಸಿದವನು ನಾನು. ಸರ್ಕಾರದ ಬೋರ್ಡಿನಲ್ಲಿ ಬೇರೇನೋ ಬರೆದಿದ್ದಾರೆ, ನಂಬಬೇಡ. ನನಗಿಂತ ಮುಂಚೆ ಇದು ಬರೀ ಬೆಳ್ಳೂರು. ಏಳು ವರ್ಷದವನಿದ್ದಾಗ ಶಿಂಷಾ ಹೊಳೆ ದಂಡೆಯಲ್ಲಿ ನಿಂತು ‘ಬನ್ರಲಾ’ ಎಂದು ಒಂದು ಕೂಗು ಹಾಕಿದೆ. ಮಾರನೆಯ ವಾರ ನಮ್ಮ ಹುಣಸೇಮರದಲ್ಲಿ ಕಾಲಿಡಲು ಜಾಗವಿಲ್ಲ. ಅಂಥ ಗಂಟಲು ನನ್ನದು. ಅಂಥವನ ಮೇಲೆ ನೀನು ‘ಫೋನು ಎತ್ತುವುದಿಲ್ಲ’ ಎಂದು ದೂರು ಬರೆದಿದ್ದೀಯ.

ಎತ್ತದಿರುವುದಕ್ಕೆ ಕಾರಣ ಇದೆ. ಫೋನಿನಲ್ಲಿ ಆಡಿದ ಮಾತಿಗೆ ರುಚಿ ಇರುವುದಿಲ್ಲ. ನನ್ನ ಅಕ್ಷರವಾದರೋ ಮುತ್ತು. ಏಳನೇ ಕ್ಲಾಸಿನಲ್ಲಿ ನನ್ನ ಕಾಪಿ ಪುಸ್ತಕವನ್ನು ಮೇಷ್ಟ್ರು ಇಡೀ ಶಾಲೆಗೆ ಎತ್ತಿ ತೋರಿಸಿದ್ದರು. ತಪ್ಪು ಎಷ್ಟಿವೆ ಎಂದು ತೋರಿಸಲಿಕ್ಕೆ ಎನ್ನುತ್ತಿದ್ದಳು ನಿಮ್ಮವ್ವ ಮುದ್ದಮ್ಮ. ನನ್ನ ಅಕ್ಕನಾದರೂ ಅವಳಿಗೆ ಹೊಟ್ಟೆಕಿಚ್ಚು. ಅಲ್ಲದೆ ನಾನು ಕಾಗದ ಬರೆಯುವುದು ನಿಲ್ಲಿಸಿದರೆ ಪೋಸ್ಟ್‌ಮ್ಯಾನ್ ಕರಿಯಪ್ಪನ ನೌಕರಿ ಹೋಗುತ್ತದೆ. ಮಕ್ಕಳೊಂದಿಗ.

ಈಗ ನಿನ್ನ ವಿಷಯ. ನಿನ್ನ ತಂಗಿ ಪ್ರಿಯಾಂಕಳ ಅತ್ತೆ ಹೆಲ್ಗಮ್ಮ ಜರ್ಮನಿಯಿಂದ ನಿನಗೆ ಬರೆದದ್ದನ್ನು ಓದಿದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬಂದು ನಮ್ಮ ಮನೆಯಲ್ಲೇ ಇರು, ಇಲ್ಲಿ ಭಾಷೆ ಕಲಿಸುವ ಶಾಲೆ ಇದೆ ಸೇರಿಕೋ, ಆಗ ಪ್ರಿಯಾಂಕಳ ಮಗು ಮಾಯಾ ಜೊತೆ ನಾಲ್ಕು ಮಾತಾಡಬಹುದು ಅಂತ. ತಾಯಿ ಹೋದಮೇಲೆ ತಾಯಿ ಕಡೆಯವರು ಒಬ್ಬರಾದರೂ ಮಗುವಿಗೆ ಇರಲಿ ಅಂತ. ಹೆಲ್ಗಮ್ಮ ಒಳ್ಳೆಯ ಹೆಂಗಸೇ ಇರಬೇಕು. ಆ ಮಗುವಿಗೆ ಜರ್ಮನ್ ಒಂದೇ ಬರುವುದು. ನಿನಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ.

ಆದರೂ ಒಂದು ತಿಂಗಳಲ್ಲಿ ಏನು ಕಲಿಯುತ್ತೀಯ? ನಾನು ಮದ್ದೂರಿನ ಅಕ್ಕಿ ಗಿರಣಿಗೆ ಸೇರಿದಾಗ ಮಿಷನ್ನಿನ ಪಕ್ಕ ನಿಂತವರು ಕೈಸನ್ನೆ ಮಾಡಿ, ಬಾಯಿ ಆಡಿಸಿ ಏನು ಹೇಳುತ್ತಾರೆ ಎಂದು ತಿಳಿಯುವುದಕ್ಕೇ ಆರು ತಿಂಗಳು ಹಿಡಿಯಿತು. ಬುದ್ಧಿವಂತನಾದ ನನಗೇ ಆರು ತಿಂಗಳು. ನಿಧಾನವಾಗಿ ಯೋಚಿಸು.

ಇಲ್ಲಿ ಎಲ್ಲ ಕ್ಷೇಮ. ಈ ವರ್ಷ ಕೊಕ್ಕರೆಗಳು ಗಲಾಟೆಯೇ ಮಾಡುತ್ತಿಲ್ಲ. ಬಹಳ ಸಭ್ಯ ಹಕ್ಕಿಗಳು ಬಂದಿವೆ. ಸಭ್ಯತೆ ಇಲ್ಲದಿರುವುದು ಬಸ್ಸಿನವರಿಗೆ. ಮೊನ್ನೆ ಒಬ್ಬ ಹಾರ್ನೇ ಹೊಡೆಯದೆ ಬಂದು ಬೆನ್ನಿಗೆ ಉಜ್ಜಿಕೊಂಡು ನಿಲ್ಲಿಸಿದ. ಸರಿಯಾಗಿ ಬೈದೆ. ಅವನೂ ಬಾಯಿ ಆಡಿಸಿದ.

ಇಂತಿ ನಿನ್ನ ಮಾವ
ಸಿದ್ದರಾಮು

*

ಶಹಾಪುರ, ಯಾದಗಿರಿ ಜಿಲ್ಲೆ
11 ಫೆಬ್ರವರಿ 2025

ಮಾವನಿಗೆ ಮಂಜುಶ್ರೀ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಗಣಿತದ ಮೇಡಂ ಏನಾಯಿತೆಂದು ಕೇಳಿದರು. ಕೊಕ್ಕರೆ ಕರೆಸಿದವರ ಸೊಸೆ ನಾನು ಎಂದೆ. ಈ ಕಡೆಯವರಿಗೆ ಕೊಕ್ಕರೆ ಬೆಳ್ಳೂರು ಎಲ್ಲಿದೆ ಎಂದು ಗೊತ್ತಿಲ್ಲ. ನಂಬಿದರೋ ಏನೋ.

ಮಾರ್ಚ್ ಇಪ್ಪತ್ತರೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕು ಮಾವ. ಆಮೇಲೆ ವೀಸಾಕ್ಕೆ ಸಮಯ ಸಾಲುವುದಿಲ್ಲ, ಇಲಾಖೆಯಿಂದಲೂ ಅನುಮತಿ ಪತ್ರ ತೆಗೆಯಬೇಕು. ಖರ್ಚಿಗೆ ನನ್ನ ಸಂಬಳದಲ್ಲಿ ಕೂಡಿಟ್ಟದ್ದಿದೆ, ನೀನು ಆ ಯೋಚನೆ ಮಾಡಬೇಡ. ಭಾಷೆಯ ಭಯವೂ ಇಲ್ಲ. ಮೂವತ್ತೆಂಟನೇ ವಯಸ್ಸಿನಲ್ಲಿ ಮಕ್ಕಳ ಥರ ಬೆಂಚಿನ ಮೇಲೆ ಕೂತರೆ ಯಾರು ನಗುತ್ತಾರೋ ನಗಲಿ.

ಭಯ ಬೇರೆಯದು. ಅವ್ವ ತೀರಿಕೊಂಡಾಗ ಪ್ರಿಯಾಂಕ ಬರಲಿಲ್ಲ. ಹೊಟ್ಟೆಯಲ್ಲಿ ಏಳು ತಿಂಗಳ ಮಾಯಾ, ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದಾರೆ ಎಂದು ಅತ್ತಳು. ಮಣ್ಣು ಮಾಡಿ ಬಂದ ಕೈ ಇನ್ನೂ ತೊಳೆದಿರಲಿಲ್ಲ ನಾನು. “ಇವತ್ತಿಂದ ನಿಂಗೆ ಅಕ್ಕ ಇಲ್ಲ ಕಣೆ” ಎಂದು ಫೋನು ಇಟ್ಟೆ. ಐದೂವರೆ ವರ್ಷ ಇಬ್ಬರೂ ಹಟ ಬಿಡಲಿಲ್ಲ. ಅವಳ ಸುದ್ದಿ ನನಗೆ, ನನ್ನ ಸುದ್ದಿ ಅವಳಿಗೆ, ಎಲ್ಲಾ ನಿನ್ನ ಮೂಲಕವೇ. ಕೊನೆಗೆ ಅವಳು ಸತ್ತ ಸುದ್ದಿ ಹೆಲ್ಗಾ ಅವರ ಮೆಸೇಜಿನಲ್ಲಿ ಬಂತು. ರಕ್ತದ ಕ್ಯಾನ್ಸರ್ ಇತ್ತೆಂದು ಆವತ್ತೇ ನನಗೆ ಗೊತ್ತಾದದ್ದು.

ಅದಕ್ಕೆ ಎರಡು ತಿಂಗಳ ಮುಂಚೆ, ಹೋದ ವರ್ಷ ಜೂನಿನಲ್ಲಿ, ನಿನಗೆ ಫೋನು ಮಾಡಿದ್ದಳಲ್ಲ. ಮುಕ್ಕಾಲು ಗಂಟೆ ಮಾತಾಡಿದಳು, ನಗುನಗುತ್ತಾ ಇದ್ದಳು, ಕಾಯಿಲೆ ವಿಷಯ ಬಾಯಿಬಿಡಲಿಲ್ಲ ಎಂದು ನೀನು ಹೇಳಿದ್ದೆ. ಆವತ್ತು ನನ್ನ ವಿಷಯ ಬಂತಾ? ಒಂದೇ ಒಂದು ಮಾತು ಬಂದಿದ್ದರೂ ಹಾಗೇ ಬರೆ. ಅವಳಿಗೆ ನಾನು ಬೇಡವಾಗಿದ್ದರೆ ಅವಳ ಮಗುವಿನ ಮುಂದೆ ಹೋಗಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನನಗೆ ಇದನ್ನು ಹೇಳುವವನು ನೀನೊಬ್ಬನೇ ಉಳಿದಿರುವುದು.

ಈ ಸಲ ಹಕ್ಕಿ ಕಡಿಮೆ ಬಂದಿವೆಯಾ? ಮತ್ತೆ, ನಿಮ್ಮೂರಿನ ಚಿಕ್ಕಬೋರಯ್ಯಣ್ಣ ಫೋನಿನಲ್ಲಿ ಸಿಕ್ಕಿದ್ದರು. ಮಂಡ್ಯದಲ್ಲಿ ಯಾರೋ ನಿನಗೆ ಟೋಪಿ ಹಾಕಿದರಂತೆ. ಎಷ್ಟು ಹೋಯಿತು?

ನಿನ್ನ
ಮಂಜುಶ್ರೀ

*

ಕೊಕ್ಕರೆ ಬೆಳ್ಳೂರು
20 ಫೆಬ್ರವರಿ 2025

ಚಿ. ಮಂಜುಶ್ರೀಗೆ ಆಶೀರ್ವಾದಗಳು.

ಹಕ್ಕಿ ಕಡಿಮೆ ಇಲ್ಲ. ನಮ್ಮ ಮರವೊಂದರಲ್ಲೇ ಹದಿನೇಳು ಗೂಡು. ಶಿಸ್ತು ಕಲಿತಿವೆ ಅಷ್ಟೆ.

ಚಿಕ್ಕಬೋರಯ್ಯನ ಬಾಯಿಗೆ ಬೀಗ ಹಾಕುವವರು ಇಲ್ಲ. ಮಂಡ್ಯದಲ್ಲಿ ಹೋದದ್ದು ಐನೂರು ರೂಪಾಯಿ. ಲಾಡ್ಜಿನಲ್ಲಿ ಒಬ್ಬ ಒಂದು ಮಿಷನ್ನು ಮಾರಿದ, ಮಿಷನ್ನು ಕೆಟ್ಟಿತು. ನಾನು ಅವನಿಗೆ ಕೊಟ್ಟ ಬೈಗುಳವೇ ಸಾವಿರ ರೂಪಾಯಿ ಬೆಲೆ ಬಾಳುತ್ತದೆ. ಸರಿಯಾಗಿ ನೋಡಿದರೆ ಐನೂರು ಲಾಭ.

ನೀನು ಕೇಳಿದ್ದಕ್ಕೆ ಬರುವ ಮುಂಚೆ ಒಂದು ಹಳೆಯ ಮಾತು. ಮಳವಳ್ಳಿಯ ನಿಮ್ಮ ಮನೆ ಜಗುಲಿಯಲ್ಲಿ ನಿಮ್ಮಿಬ್ಬರಿಗೂ ನಾನು ಕತೆ ಹೇಳುತ್ತಿದ್ದದ್ದು ಜ್ಞಾಪಕ ಇದೆಯೋ? ನನ್ನಂಥ ಕತೆಗಾರ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಕೇಳುವವರು ಊಂ ಅನ್ನಬೇಕು, ಊಂ ನಿಂತರೆ ಕತೆ ನಿಲ್ಲುತ್ತದೆ, ಅದೇ ಕಾನೂನು. ನೀನು ಕಳ್ಳಿ. ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಲೇ ಊಂ ಅನ್ನುತ್ತಿದ್ದೆ. ನಾನು ಹೇಳಿಕೊಂಡು ಹೋಗುತ್ತಲೇ ಇರುತ್ತಿದ್ದೆ. ಕಂಡುಹಿಡಿಯುತ್ತಿದ್ದವಳು ಪ್ರಿಯಾಂಕ. “ಮಾವ, ಅಕ್ಕ ಮೋಸ! ನಿದ್ದೇಲಿ ಊಂ ಅಂತಾವ್ಳೆ. ಬೇಕಾದ್ರೆ ರಾಜ ಸತ್ನಾ ಬದುಕವ್ನಾ ಕೇಳು.” ಕೇಳಿದರೆ ನಿನಗೆ ರಾಜನೇ ಗೊತ್ತಿರುತ್ತಿರಲಿಲ್ಲ. ಆ ಹುಡುಗಿಗೆ ಸುಳ್ಳು ಊಂ ಯಾವುದು, ನಿಜವಾದದ್ದು ಯಾವುದು ಎಂದು ಅಷ್ಟು ಚೆನ್ನಾಗಿ ಗೊತ್ತಾಗುತ್ತಿತ್ತು.

ಜೂನಿನಲ್ಲಿ ಫೋನು ಮಾಡಿದಾಗ ನಿನ್ನ ವಿಷಯ ಎತ್ತಿದಳು. ಸಿಟ್ಟಿನಿಂದಲ್ಲ. “ಅಕ್ಕ ಎಲ್ಲಿದ್ರೂ ಚೆಂದಾಗಿರ್ಲಿ ಮಾವ. ಇಲ್ಲಿಗೆಲ್ಲಾ ಬರೋದು ಬ್ಯಾಡ, ತೊಂದ್ರೆ ತಗೊಳೋದು ಬ್ಯಾಡ. ಅವಳ ಪಾಡಿಗೆ ಅವಳಿರ್ಲಿ” ಅಂದಳು. ಅಷ್ಟೇ ಅಂದದ್ದು. ನನ್ನ ಕಿವಿಯಾರೆ ಕೇಳಿದ್ದೇನೆ.

ಅದಕ್ಕೇ ಹೇಳುವುದು. ಹೋಗಲೇಬೇಕು ಎಂದೇನಿಲ್ಲ. ರಜೆಗೆ ಇಲ್ಲಿಗೆ ಬರಬೇಕು ಎಂದೂ ಇಲ್ಲ, ಬಿಸಿಲು ಜಾಸ್ತಿ. ನಿನ್ನ ಆರೋಗ್ಯ ನೋಡಿಕೋ.

ಇಂತಿ
ಸಿದ್ದರಾಮು

*

ಶಹಾಪುರ
27 ಫೆಬ್ರವರಿ 2025

ಮಾವ,

ಸರಿ. ಹೋಗುವುದಿಲ್ಲ.

ನೀನು ಮುಚ್ಚುಮರೆ ಇಲ್ಲದೆ ಬರೆದದ್ದು ಒಳ್ಳೆಯದಾಯಿತು. ಬೇರೆಯವರಾಗಿದ್ದರೆ ನನ್ನ ಸಮಾಧಾನಕ್ಕೆ ಏನಾದರೂ ಕಟ್ಟಿ ಹೇಳುತ್ತಿದ್ದರು. ಹೆಲ್ಗಾ ಅವರಿಗೆ ಈ ಭಾನುವಾರ ಬರೆಯಬೇಕೆಂದು ಕೂತೆ, ಆಗಲಿಲ್ಲ. ಮುಂದಿನ ವಾರ ಬರೆಯುತ್ತೇನೆ. ಮೊಬೈಲಿನಲ್ಲಿ ಜರ್ಮನ್ ಕಲಿಯುವ ಆ್ಯಪ್ ಹಾಕಿಕೊಂಡಿದ್ದೆ, ತೆಗೆದೆ. ಒಂದರಿಂದ ಇಪ್ಪತ್ತರವರೆಗೆ ಎಣಿಸುವುದು ಬಂದಿತ್ತು.

ಮಂಜುಶ್ರೀ

*

ಕೊಕ್ಕರೆ ಬೆಳ್ಳೂರು
8 ಮಾರ್ಚ್ 2025

ಚಿ. ಮಂಜುಶ್ರೀಗೆ,

ಮೊದಲು ಇದನ್ನು ಓದು, ಆಮೇಲೆ ಮಿಕ್ಕಿದ್ದು. ಹೆಲ್ಗಮ್ಮನಿಗೆ ಬರುವುದಿಲ್ಲ ಎಂದು ಬರೆಯಬೇಡ. ಬರೆದಿದ್ದರೆ ಬರುತ್ತೇನೆ ಎಂದು ಇನ್ನೊಂದು ಬರೆ.

ಮೊನ್ನೆ ಬೆಳಗ್ಗೆ ಹುಣಸೇಮರದ ಕೆಳಗೆ ಕೂತು ಬೀಡಿ ಸೇದುತ್ತಿದ್ದೆ. ಪಕ್ಕದ ಬೀದಿಯ ಅಂಕಮ್ಮ ಸೀರೆ ಎತ್ತಿಕಟ್ಟಿಕೊಂಡು ಓಡಿ ಬಂದಳು. ಬಂದವಳು ನನ್ನ ಬೆನ್ನ ಹಿಂದಿನಿಂದ ಒಂದು ಚೀಲದಂಥ ಕೊಕ್ಕಿನ ಹೆಜ್ಜಾರ್ಲೆ ಹಕ್ಕಿಯ ಮರಿಯನ್ನು ಎತ್ತಿಕೊಂಡಳು. ಗೂಡಿನಿಂದ ಬಿದ್ದಿತ್ತು. ಬಾಯಿ ಇಷ್ಟಗಲ ತೆಗೆದು ಕೂಗುತ್ತಿತ್ತು. ನನ್ನ ಬೆನ್ನಿಗೂ ಅದಕ್ಕೂ ಮೂರು ಮೊಳ ಇಲ್ಲ. ಅವಳಿಗೆ ನಾಲ್ಕು ಮನೆ ಆಚೆ ಕೇಳಿಸಿದೆ. “ಎಷ್ಟೊತ್ತಿಂದ ಬಡ್ಕೋತದೆ, ಕಲ್ಲಾಗೋದ್ಯಾ ಸಿದ್ದರಾಮಣ್ಣ?” ಎಂದು ನನ್ನ ಮುಖಕ್ಕೆ ಮುಖ ಇಟ್ಟು ಕೇಳಿದಳು. ನಿದ್ದೆ ಬಂದಿತ್ತು ಎಂದೆ. ಇಬ್ಬರೂ ಹೋಗಿ, ಬಿದ್ದ ಮರಿಗಳನ್ನು ಬಲೆಯೊಳಗಿಟ್ಟು ಸಾಕುವ ಜಾಗಕ್ಕೆ ಕೊಟ್ಟು ಬಂದೆವು. ಈಗ ಮೀನು ತಿನ್ನುತ್ತಿದೆಯಂತೆ.

ಪ್ರಿಯಾಂಕಳ ಮಾತನ್ನು ನಾನು ಹೋದ ಕಾಗದದಲ್ಲಿ ಸರಿಯಾಗಿ ಬಿಡಿಸಿ ಬರೆಯಲಿಲ್ಲ. ಅವಳು ಬ್ಯಾಡ ಅಂದರೆ ಬೇಕು ಅಂತ. ನಿನಗೆ ಗೊತ್ತಿಲ್ಲವೇ? ಗಿರಣಿಯಿಂದ ಬರುವಾಗ ನಾನು ವಡೆ ಕಟ್ಟಿಸಿಕೊಂಡು ಬಂದರೆ “ನಂಗೇನ್ ಬ್ಯಾಡ” ಎಂದು ಆ ಕಡೆ ತಿರುಗಿಕೊಂಡು ಈ ಕಡೆ ಕೈ ಚಾಚುತ್ತಿದ್ದಳು. ಆವತ್ತೂ ಹಾಗೇ ಅಂದದ್ದು. ಮಾತು ಕೇಳಿದವನು ನಾನು, ಅದರ ಧಾಟಿ ಗೊತ್ತಿರುವುದು ನನಗೆ. ಧಾಟಿ ‘ಅಕ್ಕ ಬರಲಿ’ ಅನ್ನುವ ಹಾಗಿತ್ತು.

ಹೋಗು ಮಗಳೇ. ಒಂದು ತಿಂಗಳಿಗೆ ಎಷ್ಟು ಬರುತ್ತದೋ ಅಷ್ಟು ಕಲಿ. ಮಗುವಿನ ಮಾತು ಕೇಳಿಸಿಕೊಳ್ಳುವವರು ಒಬ್ಬರು ಬೇಕು.

ಸಿದ್ದರಾಮು

(ಅಲ್ಲಿಯವರು ಯಾರಾದರೂ ಕೇಳಿದರೆ ನಿನ್ನ ಮಾವನಿಗೆ ಏಳು ಭಾಷೆ ಬರುತ್ತದೆ ಅನ್ನು. ಪರೀಕ್ಷೆ ಮಾಡುವುದಕ್ಕೆ ಅವರು ಬರುವುದಿಲ್ಲ.)

*

ಮಾರ್ಬುರ್ಗ್, ಜರ್ಮನಿ
3 ಮೇ 2025

ಮಾವನಿಗೆ ನಮಸ್ಕಾರಗಳು.

ಬಂದು ಎಂಟು ದಿನ ಆಯಿತು. ಇಲ್ಲಿ ಮೇ ತಿಂಗಳಲ್ಲೂ ಸ್ವೆಟರು. ಹೆಲ್ಗಾ ಅವರು ಸ್ಟೇಷನ್ನಿಗೆ ಬಂದಿದ್ದರು, ಎಪ್ಪತ್ತು ದಾಟಿದೆ, ನನ್ನ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಎಳೆದರು. ಮಾಯಾಳ ಅಪ್ಪ ವಾರದಲ್ಲಿ ಐದು ದಿನ ಬೇರೆ ಊರಿನಲ್ಲಿ ಕೆಲಸ ಮಾಡುತ್ತಾರೆ. ಹೆಚ್ಚು ಮಾತಾಡುವವರಲ್ಲ. ಪ್ರಿಯಾಂಕಳ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ಅದರ ಪಕ್ಕ ನನ್ನದನ್ನು ಬಿಟ್ಟೆ.

ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಕ್ಲಾಸು. ಹನ್ನೊಂದು ಜನ, ಎಲ್ಲರಿಗಿಂತ ದಡ್ಡಿ ನಾನು. ನಲವತ್ತು ಮಕ್ಕಳ ಕಿವಿ ಹಿಂಡುತ್ತಿದ್ದವಳು ಈಗ ‘ಇದು ಮೇಜು, ಅದು ಕುರ್ಚಿ’ ಎಂದು ಎದ್ದು ನಿಂತು ಹೇಳುತ್ತೇನೆ. ಸಂಜೆ ಮಾಯಾಳಿಂದ ನನಗೆ ಟ್ಯೂಷನ್ನು. ತಪ್ಪು ಹೇಳಿದರೆ ಹಣೆ ಹಣೆ ಬಡಿದುಕೊಳ್ಳುತ್ತಾಳೆ, ಥೇಟ್ ಅವಳವ್ವನೇ. ಅವ್ವ ಇದ್ದಾಗ ನಮ್ಮ ಮಾತು ಚೆನ್ನಾಗಿ ಅರ್ಥವಾಗುತ್ತಿತ್ತಂತೆ. ಈಗ ಎಲ್ಲಾ ಮರೆತಿದ್ದಾಳೆ. ನಾಲ್ಕೋ ಐದೋ ಪದ ಉಳಿದಿವೆ.

ಆ ಪದ ಯಾವುವು ಗೊತ್ತಾ? ನೀನು ಬಿದ್ದು ಬಿದ್ದು ನಗುತ್ತೀಯ. ಅವಳದೊಂದು ಆಟದ ಫೋನಿದೆ. ಅದನ್ನು ಕಿವಿಗಿಟ್ಟು ಮೊದಲು ಅವ್ವನ ಪಾತ್ರ ಮಾಡುತ್ತಾಳೆ, ಏನೇನೋ ವಟಗುಟ್ಟುತ್ತಾಳೆ, ಪದವೇನೂ ಇಲ್ಲ. ಆಮೇಲೆ ಗಂಟಲು ದಪ್ಪ ಮಾಡಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು, “ಊಂ... ಊಂ... ಆಗ್ಲಿ ಬುಡವ್ವ... ಬಾಳ ಸಂತೋಸ!” ನೀನೇ ಮಾವ! ಮಾರ್ಬುರ್ಗಿನ ಅಡುಗೆಮನೆಯಲ್ಲಿ ನಿಂತು ನೀನೇ ಮಾತಾಡಿದ ಹಾಗಾಯಿತು. ನಿನ್ನ ಹೆಸರು ಅವಳಿಗೆ ಗೊತ್ತಿಲ್ಲ. ‘ಊಂ ತಾತ’ ಅನ್ನುತ್ತಾಳೆ. ಆವತ್ತು ಜೂನಿನಲ್ಲಿ ಫೋನಿನ ಸ್ಪೀಕರ್ ಹಾಕಿದ್ದರಂತೆ, ಅವಳು ಅವ್ವನ ತೊಡೆ ಮೇಲೆ ಕೂತಿದ್ದಳಂತೆ.

ಒಂದು ಮಾತ್ರ ಅರ್ಥವಾಗಲಿಲ್ಲ. ಅವ್ವನ ಪಾತ್ರ ಮಾಡುವಾಗ ಅಳುತ್ತಾಳೆ. ಆವತ್ತು ನಗುತ್ತಿದ್ದಳು ಎಂದಿದ್ದೆಯಲ್ಲ. ಆಸ್ಪತ್ರೆಯಲ್ಲಿ ಕಂಡದ್ದನ್ನೂ ಇದನ್ನೂ ಮಗು ಕಲಸಿಕೊಂಡಿರಬೇಕು.

ನಿನ್ನ
ಮಂಜುಶ್ರೀ

*

ಕೊಕ್ಕರೆ ಬೆಳ್ಳೂರು
12 ಮೇ 2025

ಮಂಜುಶ್ರೀಗೆ,

ಕಾಗದ ಇವತ್ತು ಬಂತು. ಇವತ್ತೇ ಬರೆಯುತ್ತಿದ್ದೇನೆ.

ಆವತ್ತು ಫೋನಿನಲ್ಲಿ ಅವ್ವ ಏನು ಹೇಳಿದಳು ಎಂದು ಮಗುವನ್ನು ಕೇಳು. ಆಗ ಅದಕ್ಕೆ ನಮ್ಮ ಮಾತು ತಿಳಿಯುತ್ತಿತ್ತು. ಈಗ ನಿನಗೆ ಅದರ ಮಾತು ತಿಳಿಯುತ್ತದೆ. ಅವಸರ ಮಾಡಬೇಡ, ಹೆದರಿಸಬೇಡ. ಏನು ಹೇಳುತ್ತದೋ ಹಾಗೇ ಬರೆ, ತಿದ್ದಬೇಡ.

ಸಿದ್ದರಾಮು

*

ಮಾರ್ಬುರ್ಗ್
22 ಮೇ 2025

ಮಾವ,

ನಿನ್ನೆ ನಿನ್ನ ಕಾಗದ ಬಂತು. ಇಷ್ಟು ಚಿಕ್ಕ ಕಾಗದ ನೀನು ಬರೆದದ್ದು ನಾನು ನೋಡಿಯೇ ಇಲ್ಲ. ಮೈ ಹುಷಾರಿದೆಯಾ? ನಾಳೆ ಕ್ಲಾಸು ಮುಗಿಯುತ್ತದೆ, ಭಾನುವಾರ ಹೊರಡುತ್ತೇನೆ. ಇದು ನಿನ್ನ ಕೈಗೆ ಸೇರುವಷ್ಟರಲ್ಲಿ ನಾನು ಶಹಾಪುರದಲ್ಲಿರುತ್ತೇನೆ. ಉತ್ತರ ಅಲ್ಲಿಗೇ ಬರೆ.

ನೀನು ಹೇಳಿದ ಹಾಗೆ ಕೇಳಿದೆ. ಸ್ನಾನ ಮಾಡಿಸಿ ತಲೆ ಒರೆಸುತ್ತಾ ಕೇಳಿದೆ, ನನಗೆ ಬರುವ ಹತ್ತು ವಾಕ್ಯದಲ್ಲಿ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಅಮ್ಮ ಅತ್ತಳು. ನನಗೆ ಜ್ವರ ಹೋಗಲ್ಲ ಅಂದಳು. ಅಕ್ಕ ಬರಲಿ ಅಂದಳು. ಊಂ ತಾತ ಆಗಲಿ ಅಂದರು. ಆಮೇಲೆ ಅಮ್ಮ ನಕ್ಕಳು. ನಾವು ಮೇಲೆ ಹೋಗಿ ಹಾಸಿಗೆ ಹಾಸಿದೆವು. ನೀಲಿ ಹೂವಿನದ್ದು. ನೀನು ಬರಲಿಲ್ಲ.”

ನಾನು ಮಲಗುವುದು ಮಹಡಿಯ ಕೋಣೆಯಲ್ಲಿ. ಹೊದಿಕೆಯ ಮೇಲೆ ನೀಲಿ ಹೂವಿದೆ. ಹೆಲ್ಗಾ ಅವರನ್ನು ಕೇಳಿದೆ. ಈ ಹಾಸಿಗೆ ಹಾಸಿ ಒಂದು ವರ್ಷವಾಗುತ್ತಾ ಬಂತು, ಪ್ರಿಯಾಂಕ ಆಸ್ಪತ್ರೆಗೆ ಹೋಗುವ ಮುಂಚೆ ಹಾಸಿದ್ದು, ತೆಗೆಯಲು ಬಿಡಲಿಲ್ಲ ಎಂದರು. ಅಕ್ಕನ ವಿಮಾನಕ್ಕೆಂದು ಊರಿಗೆ ದುಡ್ಡೂ ಕಳಿಸಿದ್ದಳು ಎಂದರು. ದಿನಾ ಕಿಟಕಿಯ ಕಡೆ ನೋಡುತ್ತಿದ್ದಳಂತೆ.

ನನಗೆ ಯಾವ ದುಡ್ಡೂ ಬಂದಿಲ್ಲ. ಯಾರೂ ನನಗೆ ಬಾ ಅನ್ನಲಿಲ್ಲ. ಬ್ಯಾಡ ಅಂದಳು ಎಂದು ನೀನೇ ಬರೆದದ್ದು. ಆ ಕಾಗದ ನನ್ನ ಬ್ಯಾಗಿನಲ್ಲೇ ಇದೆ, ಮತ್ತೆ ತೆಗೆದು ನೋಡಿದೆ. ‘ನನ್ನ ಕಿವಿಯಾರೆ ಕೇಳಿದ್ದೇನೆ’ ಎಂದಿದೆ.

ನನಗೆ ಈ ಭಾಷೆ ಬಂದದ್ದು ಇಷ್ಟೇ ಇಷ್ಟು, ನಾಲ್ಕು ವಾರದ್ದು. ಮಗುವಿಗೆ ಆಗ ಐದು ವರ್ಷ. ಹೆಲ್ಗಾ ಅವರು ಬೇಗ ಬೇಗ ಮಾತಾಡುತ್ತಾರೆ, ಅರ್ಧ ತಪ್ಪಿಹೋಗುತ್ತದೆ. ಇವರನ್ನು ನಂಬಲಾ, ನಿನ್ನನ್ನಾ? ನಿನ್ನನ್ನು ಬಿಟ್ಟು ಬೇರೆ ಯಾರ ಮಾತನ್ನು ನಂಬಿ ದೊಡ್ಡವಳಾದೆ ನಾನು? ನಾನು ತಪ್ಪು ತಿಳಿದುಕೊಂಡಿದ್ದೇನೆ ಎಂದು ಒಂದು ಸಾಲು ಬರೆದುಬಿಡು ಮಾವ. ಒಂದೇ ಸಾಲು ಸಾಕು. ಇನ್ನೊಂದು ತಿಂಗಳು ಕಲಿತಿದ್ದರೆ ಸರಿಯಾಗಿ ತಿಳಿಯುತ್ತಿತ್ತು ಎಂದುಕೊಂಡು ಸುಮ್ಮನಾಗುತ್ತೇನೆ.

ಮಂಜುಶ್ರೀ

*

ಕೊಕ್ಕರೆ ಬೆಳ್ಳೂರು
2 ಜೂನ್ 2025

ಮಂಜುಶ್ರೀಗೆ,

ಇದು ನಾಲ್ಕನೇ ಹಾಳೆ. ಮೂರು ಹರಿದು ಹಾಕಿದೆ. ಒಂದರಲ್ಲಿ ನೀನು ಕೇಳಿದ ಒಂದು ಸಾಲು ಬರೆದಿದ್ದೆ. ಕರಿಯಪ್ಪನ ಕೈಗೂ ಕೊಟ್ಟಿದ್ದೆ. ಬೀದಿ ಕೊನೆಯವರೆಗೆ ಹೋದವನನ್ನು ಓಡಿಹೋಗಿ ಹಿಡಿದು ವಾಪಸ್ಸು ಇಸಿದುಕೊಂಡೆ. ಏನಾಯ್ತು ಎಂದು ಕೇಳಿದ. ಕೇಳಿದನೆಂದು ಅವನ ಬಾಯಿ ನೋಡಿ ತಿಳಿಯಿತು.

ನೀನು ತಪ್ಪು ತಿಳಿದುಕೊಂಡಿಲ್ಲ. ನಿನ್ನ ಜರ್ಮನ್ ಸರಿಯಾಗಿದೆ.

ನನಗೆ ಕಿವಿ ಕೇಳಿಸುವುದಿಲ್ಲ. ಮೂವತ್ತೊಂದು ವರ್ಷ ಗಿರಣಿಯ ಮಿಷನ್ನಿನ ಪಕ್ಕ ನಿಂತೆ. ಬಿಟ್ಟಮೇಲೆ ಸ್ವಲ್ಪ ಸ್ವಲ್ಪವಾಗಿ ಹೋಯಿತು, ಈ ಮೂರು ವರ್ಷದಲ್ಲಿ ಪೂರ್ತಿ ಹೋಯಿತು. ಊರಿನವರಿಗೆ ಅರ್ಧಂಬರ್ಧ ಗೊತ್ತು, ನನಗೆ ಸೊಕ್ಕು ಎಂದುಕೊಂಡಿದ್ದಾರೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ನಾನೂ ಸುಮ್ಮನಿದ್ದೆ. ಎದುರು ನಿಂತವರ ಬಾಯಿ ನೋಡಿ ನಿಭಾಯಿಸುತ್ತೇನೆ. ಗಿರಣಿಯಲ್ಲಿ ಕಲಿತ ವಿದ್ಯೆ. ಫೋನಿಗೆ ಬಾಯಿ ಇಲ್ಲವಲ್ಲ. ಹಕ್ಕಿಗಳು ಸಭ್ಯವಾಗಿವೆ ಎಂದು ನಿನಗೆ ಬರೆದೆ. ಈ ಮರದ ಕೆಳಗೆ ನಿಂತರೆ ಮಾತಾಡಿದ್ದು ಕೇಳಿಸುವುದಿಲ್ಲ, ಅಷ್ಟು ಗದ್ದಲ ಎಂದು ಅಂಕಮ್ಮ ಹೇಳುತ್ತಾಳೆ.

ಆವತ್ತು ಜೂನಿನಲ್ಲಿ ಫೋನು ಜೇಬಿನಲ್ಲಿ ನಡುಗಿತು. ತೆಗೆದು ನೋಡಿದರೆ ಅವಳ ಹೆಸರು. ಎತ್ತಬಾರದಿತ್ತು. ಅವಳ ಹೆಸರು ನೋಡಿ ಎತ್ತದೆ ಇರಲು ಆಗಲಿಲ್ಲ. ಕಿವಿಗೆ ಒತ್ತಿ ಹಿಡಿದೆ. ದೂರದಲ್ಲಿ ಹೊಟ್ಟು ಸುರಿದ ಹಾಗೆ ಏನೋ ಒಂದು, ಅಷ್ಟೇ. ಕೇಳಿಸುತ್ತಿಲ್ಲ ಕಣವ್ವ ಎಂದು ಒಂದು ಮಾತು ಹೇಳಬಹುದಿತ್ತು. ನನ್ನಂಥ ಗಂಟಲಿನವನು ಹೇಗೆ ಹೇಳಲಿ? ಊಂ ಅಂದೆ. ಹೊಟ್ಟು ಸುರಿಯುವುದು ನಿಂತಾಗೆಲ್ಲ ಊಂ ಅಂದೆ. ಅವಳು ಯಾವಾಗ ಫೋನು ಮಾಡಿದರೂ ಹೇಳುತ್ತಿದ್ದದ್ದು ಒಳ್ಳೆಯ ಸುದ್ದಿಯೇ, ಅದಕ್ಕೆ ಆಗ್ಲಿ ಬುಡವ್ವ ಅಂದೆ, ಬಾಳ ಸಂತೋಸ ಅಂದೆ. ಮುಕ್ಕಾಲು ಗಂಟೆಯಲ್ಲ, ಎಷ್ಟು ಹೊತ್ತೋ ಗೊತ್ತಿಲ್ಲ. ನಗುತ್ತಿದ್ದಳು ಎಂದದ್ದೂ ನಾನು ಕಟ್ಟಿದ್ದೇ. ಸುಳ್ಳು ಊಂ ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು ಎಂದು ಬರೆದಿದ್ದೆನಲ್ಲ. ಆವತ್ತು ಗೊತ್ತಾಗಲಿಲ್ಲ ಮಗಳೇ. ರಾಜ ಸತ್ನಾ ಬದುಕವ್ನಾ ಎಂದು ಕೇಳುವವರು ಯಾರೂ ಇರಲಿಲ್ಲ. ನಾನು ಹೇಳಿದ ಆಗಲಿಯನ್ನು ನಂಬಿ ಅವಳು ಹಾಸಿಗೆ ಹಾಸಿದಳು.

ನಿನ್ನ ಬಗ್ಗೆ ಬ್ಯಾಡ ಅಂದಳು ಎಂದು ಬರೆದದ್ದು ಪೂರಾ ನನ್ನದು. ಅದರಲ್ಲಿ ಅವಳ ಒಂದು ಅಕ್ಷರವೂ ಇಲ್ಲ. ನೀನು ಅಲ್ಲಿಗೆ ಹೋದರೆ ಏನೋ ಹೊರಗೆ ಬೀಳುತ್ತದೆ ಎಂದು ಹೆದರಿದೆ. ಏನು ಬೀಳುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ದುಡ್ಡಿನದು ಬೀಳುತ್ತದೆ ಎಂದು ಮಾತ್ರ ಗೊತ್ತಿತ್ತು. ಅವಳು ನಿನಗಾಗಿ ಕಾದಳು ಎಂಬುದು ನನಗೂ ನಿನ್ನ ಕಾಗದದಿಂದಲೇ ಗೊತ್ತಾದದ್ದು. ಮರಿ ಬಿದ್ದ ದಿನ ನಿಜ ಬರೆಯಬೇಕೆಂದು ಕೂತೆ. ಕೈ ಬರಲಿಲ್ಲ. ಇನ್ನೊಂದು ಸುಳ್ಳು ಕಟ್ಟಿ ನಿನ್ನನ್ನು ಕಳಿಸಿದೆ.

ನಿನಗೆ ನನ್ನ ಮುಖ ನೋಡಬೇಕು ಅನ್ನಿಸದಿದ್ದರೆ ಬರಬೇಡ. ಅನ್ನಿಸಿದರೆ ಬಂದು ಬೈಯಿ. ಎದುರು ನಿಂತು ಬೈಯಿ, ಬಾಯಿ ನೋಡಿ ತಿಳಿದುಕೊಳ್ಳುತ್ತೇನೆ. ಮಾಯಾಳಿಗೆ ನೀನು ಬರೆಯುತ್ತಿರು. ಕಲಿತದ್ದನ್ನು ಬಿಡಬೇಡ. ನನ್ನ ಊಂ ಅವಳ ಬಾಯಿಯಿಂದ ಬಿಡಿಸಿ ಬೇರೆ ನಾಲ್ಕು ಮಾತು ಕಲಿಸು.

ಹಕ್ಕಿಗಳೆಲ್ಲ ಹೊರಟುಹೋದವು. ಮೂರು ಗೂಡಿನಲ್ಲಿ ತಡವಾಗಿ ಹುಟ್ಟಿದ ಮರಿಗಳಿವೆ.

ಇನ್ನು ದುಡ್ಡು. ಫೋನು ಬಂದ ಐದನೇ ದಿನ ನನ್ನ ಖಾತೆಗೆ ಬಂತು. ಸೊಸೆ ಜರ್ಮನಿಯಿಂದ ನನಗೆ ಪಿಂಚಣಿ ಕಳಿಸಿದ್ದಾಳೆ ಎಂದು ಊರೆಲ್ಲ ಸಾರಿದೆ. ಕಿವಿ ಸರಿಯಾದರೆ ಮೊದಲು ಅವಳಿಗೇ ಫೋನು ಮಾಡಿ ಮಾತಾಡಬೇಕು ಎಂದು ಆಸೆಯಾಯಿತು. ಮಂಡ್ಯದ ಲಾಡ್ಜಿನಲ್ಲಿ ಫಾರಿನ್ ಡಾಕ್ಟರು ಎಂದು ಒಬ್ಬ ಬಂದಿದ್ದ, ಎರಡು ಕಿವಿಗೂ ಮಿಷನ್ನು ಹಾಕಿದ. ಮೂರು ದಿನ ಅದು ಕಿವಿಯೊಳಗೆ ಸೀಟಿ ಹೊಡೆಯಿತು, ನಾಲ್ಕನೇ ದಿನ ಸತ್ತುಹೋಯಿತು. ಹೋಗಿ ನೋಡಿದರೆ ರೂಮು ಖಾಲಿ. ನಾನು ಯಾರಿಗೂ ಬೈಯಲಿಲ್ಲ, ಬೈಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕೂತು ಮನೆಗೆ ಬಂದೆ.

ಐನೂರು ಎಂದು ನಿನಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊನೆಯ ಐನೂರು ಅದು. ಬದುಕಿದ್ದ ತಂಗಿಯ ಹತ್ತಿರ ನೀನು ಹೋಗಬೇಕಾಗಿದ್ದ ವಿಮಾನದ ದುಡ್ಡು, ನಾನು ಕಳೆದದ್ದು, ಒಂದು ಲಕ್ಷ ಹದಿನಾಲ್ಕು ಸಾವಿರದ ಐನೂರು ರೂಪಾಯಿ.

ಸಿದ್ದರಾಮು